ಪಂಪು ನೋಡುವ ಶಾಸ್ತ್ರ

ನಮ್ಮ ಭಾವನವರಿಗೆ ಹೆಂಡತಿಯ ಮೇಲೆ ಪ್ರೀತಿಯಿಲ್ಲ ಎಂದು ನಾನು ಹೇಳುವುದಿಲ್ಲ. ಆಯಿಲ್ ಪಂಪಿನ ಮೇಲಿರುವಷ್ಟು ಇಲ್ಲ, ಅಷ್ಟೆ!

ಹೋದ ಮಳೆಗಾಲದಲ್ಲಿ, ವೇಲಚೇರಿಯ ಅವರ ಮನೆಯ ಹತ್ತಿರವೇ, ಆಯಿಲ್ ಪಂಪು ಕೆಟ್ಟು ಎಂಜಿನ್ನಿಗೆ ಆಯಿಲ್ ಏರದೆ ಅವರ ಹಳೆಯ ಕಾರು ನಡುರಸ್ತೆಯಲ್ಲಿ ಕಚ್ಚಿಕೊಂಡು ನಿಂತಿತು. ಮೊಣಕಾಲುದ್ದ ನೀರಿಗೆ ಇಳಿದ ನನ್ನಕ್ಕ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಸೊಂಟವನ್ನು ಡಾಕ್ಟರು ಕೂಡಿಸಿದರು. ಎಂಜಿನ್ನನ್ನು ಭಾವ ತಾವೇ ಬಿಚ್ಚಿ, ತಾವೇ ಕೂಡಿಸಲು ಕೂತರು. ಅಕ್ಕ ಕೋಲು ಹಿಡಿದು ನಡೆದಳು, ಎಂಜಿನ್ ಮಾತ್ರ ಏಳಲಿಲ್ಲ. ಕಾರಣ? ಪಂಪು ಒಪ್ಪಿಗೆಯಾಗಿಲ್ಲ!

"ಕ್ರೋಂಪೇಟೆಗೆ ನಮ್ಮನೆಗೆ ಬಾರೇ, ಟ್ಯಾಕ್ಸಿ ಕಳಿಸ್ತೀನಿ" ಎಂದು ನಾನು ಕರೆದಾಗಲೆಲ್ಲ ಭಾವ ಫೋನ್ ಕಸಿದುಕೊಳ್ಳುವರು. "ಟ್ಯಾಕ್ಸಿ ಯಾಕಮ್ಮ? ಬರೋ ವಾರ ನಮ್ ಗಾಡೀಲೇ ಕರ್ಕೊಂಡ್ ಬರ್ತೀನಿ." ಅವರ ಮಾತು ಮುರಿಯಲು ಅಕ್ಕನಿಗೆ ಮನಸ್ಸಿಲ್ಲ. ಹಬ್ಬಗಳೆಲ್ಲ ಹಾಗೇ ಹೋದವು. ಈಗ ನನ್ನ ಮಗಳ ಸೀಮಂತ. ಎತ್ತಿ ಆಡಿಸಿದ ದೊಡ್ಡಮ್ಮನೇ ಮೊದಲು ಬಳೆ ತೊಡಿಸಬೇಕೆಂದು ಅವಳ ಹಟ. ಬಸಿರು ಪಂಪಿಗಾಗಿ ಕಾಯುತ್ತದೆಯೆ?

ಪುದುಪೇಟೆಯ ಹಳೇ ಬಿಡಿಭಾಗದ ಅಂಗಡಿಗೆ ಭಾವ ನನ್ನನ್ನೂ ಎಳೆದುಕೊಂಡು ಹೋದರು. ಒಂದು ಪಂಪಿನ ಹಲ್ಲು ಸವೆದಿತ್ತಂತೆ. ಇನ್ನೊಂದು ಆಯಿಲನ್ನು ಅತಿಯಾಗಿ ತಳ್ಳುವುದಂತೆ: "ಎಲ್ಲ ಮೇಲೇ ಉಳಿದು ತಳ ಬರಿದಾಗುತ್ತಮ್ಮ!" ಅಂಗಡಿಯವನು ಸುಸ್ತಾಗಿ, "ಸಾರ್, ಪಂಪು ವಾಂಗ ವಂದೀಂಗಳಾ, ಪೊಣ್ಣು ಪಾಕ್ಕ ವಂದೀಂಗಳಾ?" ಎಂದು ತಮಿಳಿನಲ್ಲಿ ಕೇಳಿದ. ಪಂಪು ಕೊಳ್ಳಲು ಬಂದಿರೋ, ಹೆಣ್ಣು ನೋಡಲು ಬಂದಿರೋ ಎಂದು! ಹೆಣ್ಣು ನೋಡುವುದೇ? ಅಕ್ಕನನ್ನು ನೋಡಲು ಬಂದಾಗ ಈ ಮನುಷ್ಯ ಉಪ್ಪಿಟ್ಟು ಆರುವ ಮೊದಲೇ ಒಪ್ಪಿದ್ದರು!

ಕಡೆಗೊಂದು ಪಂಪು ಮನೆ ತುಂಬಿತು. ಅದನ್ನು ಜಿಡ್ಡಿಲ್ಲದೆ ಕೂಡಿಸಬಾರದೆಂದು ಅಕ್ಕನ ವ್ಯಾಸಲೀನ್ ಡಬ್ಬಿಯನ್ನು ಪೂರ್ತಿ ಅದರ ಹಲ್ಲುಗಳಿಗೆ ಮೆತ್ತಿದರು.

"ನನ್ನ ಹಿಮ್ಮಡಿ ಒಡೆದ್ರೆ ಏನಂತೆ, ಪಂಪು ನುಣ್ಣಗಿರ್ಲಿ!" ಎಂದಳು ಅಕ್ಕ.

"ನಿನ್ನ ಹಿಮ್ಮಡಿ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತೇನೆ?" ಎಂದರು ಭಾವ. ನನಗೆ ನಗು ಬರಲಿಲ್ಲ.

ಸೀಮಂತದ ಹಿಂದಿನ ಭಾನುವಾರ ಆಯಿಲ್ ಏರಿಸುವ ಶಾಸ್ತ್ರ. ಕೈಪಂಪಿಗೆ ಒಂದು ಚೊಂಬು ನೀರು ಹೊಯ್ದು ಒತ್ತುವುದಿಲ್ಲವೆ, ಹಾಗೆ. ಎಂಜಿನ್ ಚಾಲೂ ಮಾಡುವ ಮೊದಲು ಡ್ರಿಲ್ಲಿನಿಂದ ಪಂಪನ್ನು ತಿರುಗಿಸಿ ಒಳಗೆಲ್ಲ ಆಯಿಲ್ ಹರಿಸಬೇಕು. ಭಾವ ಬೆವರಿಳಿಸಿ ತಿರುಗಿಸಿದರು. ಆಯಿಲ್ ಮೀಟರಿನ ಮುಳ್ಳು ಅಲ್ಲಾಡಲಿಲ್ಲ. "ಈ ಪಂಪೂ ಆಗಲ್ಲ" ಎಂದು ಎಲ್ಲ ಬಿಚ್ಚಿ ಹಾಕಿದರು! ಪಾರ್ಕಿಂಗಿನ ಪ್ಲಾಸ್ಟಿಕ್ ಕುರ್ಚಿಯಿಂದ ಅಕ್ಕ ಮೆಲ್ಲಗೆ ಕೇಳಿದಳು: "ರೀ, ಮೊನ್ನೆ ಗೋಡೆ ಸ್ಕ್ರೂ ಬಿಚ್ಚೋಕೆ ಡ್ರಿಲ್ಲು ಉಲ್ಟಾ ತಿರುಗಿಸಿದ್ರಲ್ಲ, ಇನ್ನೂ ಹಾಗೇ ಇದ್ಯೋ ಏನೋ?"

ಹಾಗೇ ಇತ್ತು.

ಸೀಮಂತದ ಬೆಳಿಗ್ಗೆ ಜಗಳಕ್ಕೆ ಸಿದ್ಧಳಾಗಿಯೇ ನಾನು ಅಕ್ಕನ ಮನೆಗೆ ಟ್ಯಾಕ್ಸಿ ತಂದೆ. ನೋಡಿದರೆ ಕಾರು ಗುರುಗುಟ್ಟುತ್ತ ನಿಂತಿದೆ, ಮುಳ್ಳೂ ಎದ್ದಿದೆ! ಆದರೆ ಭಾವ ಬಂದು ನನ್ನ ಟ್ಯಾಕ್ಸಿಯ ಬಾಗಿಲು ತೆರೆದು ಅಕ್ಕನಿಗೆ ಹೇಳಿದರು: "ನೀನು ಇದ್ರಲ್ಲಿ ಹೋಗು. ನಾನು ಗಾಡೀಲಿ ಹಿಂದೆ ಬರ್ತೀನಿ."

ನನಗೆ ರೇಗಿತು. "ಇಷ್ಟು ದಿನ ಬೇಡವಾಗಿದ್ದ ಟ್ಯಾಕ್ಸಿ ಈಗ ಬೇಕಾಯ್ತಾ ಭಾವ?"

ಅವರು ನನ್ನ ಮುಖ ನೋಡಲಿಲ್ಲ. "ದಾರೀಲಿ ನಿಂತ್ರೆ ಇವಳು ಮತ್ತೆ ಇಳೀಬೇಕಾಗುತ್ತಲ್ಲಮ್ಮ" ಎಂದರು.

ಅಕ್ಕ ಕೋಲೂರುತ್ತ ಹೋಗಿ ಕಾರಿನ ಮುಂದಿನ ಬಾಗಿಲು ತೆರೆದಳು. ಸೊಂಟ ಹಿಡಿದುಕೊಂಡು ನಿಧಾನವಾಗಿ ಕೂತಳು.

"ನಿಂತ್ರೆ ಈ ಸಲ ನಾನು ಇಳಿಯೋಲ್ಲ. ನೀವೂ ಇಳೀಬೇಡಿ. ನಡೀರಿ, ಬಳೆಗೆ ಕಾದು ಮಗು ಬರಿಗೈಲಿ ಕೂತಿದೆ."