ಮೇಸ್ತ್ರಿ ರಬ್ಬರಿನಿಂದ ಮಣ್ಣು ತೆಗೆದದ್ದು

ಹೆಂಡತಿ: ಅದು ಕಸ ಅಲ್ಲ ಅಂತ ಎಷ್ಟು ಸಲ ಹೇಳ್ಬೇಕು ರೀ? ಜೇಡಿಮಣ್ಣು. ಶುದ್ಧಿ ಮಾಡಿದ ಜೇಡಿಮಣ್ಣು.

ಮೇಸ್ತ್ರಿ: ಶುದ್ಧಿ ಮಾಡಿದ್ರೆ ಮಣ್ಣು ಮಣ್ಣಲ್ದೆ ಹೋಗತ್ತಾ? ಮೂವತ್ತು ವರ್ಷದಿಂದ ಈ ಮಿಲ್ಲಿನ ಹತ್ರ ಹೊರಗಿನ ಚಪ್ಪಲೀನೂ ಬಿಟ್ಟಿಲ್ಲ ನಾನು. ನೀನು ನೋಡಿದ್ರೆ ಚೀಲದಲ್ಲೇ ತುಂಬ್ಕೊಂಡು ಬಂದಿದ್ದೀಯ.

ಹೆಂಡತಿ: ದಿನಾ ರಬ್ಬರಿಗೆ ಚೀಲಗಟ್ಟಲೆ ಮಸಿ ಸುರೀತೀರಲ್ಲ, ಅದೇನು ಗಂಧದ ಪುಡೀನಾ?

ಮೇಸ್ತ್ರಿ: ಮಸಿ ಮರ್ಯಾದಸ್ಥ. ಹಾಕಿದ್ದು ಕಾಣತ್ತೆ. ಇದನ್ನ ಎಷ್ಟು ಹಾಕ್ಬೇಕು ಅಂದೆ?

ಹೆಂಡತಿ: ನೂರು ಪಾಲು ರಬ್ಬರಿಗೆ ಐದು ಪಾಲು.

ಮೇಸ್ತ್ರಿ: ಐದೇ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಅವನು ಕೃತಕ ರಬ್ಬರಿನ ಕಾರ್ಖಾನೆಯಲ್ಲಿ ಮಿಲ್ ಮೇಸ್ತ್ರಿ. ಎರಡು ಉಕ್ಕಿನ ಉರುಳೆಗಳ ನಡುವೆ ರಬ್ಬರನ್ನು ನಾದಿ ಹಾಳೆ ತೆಗೆಯುವುದು ಅವನ ಕೆಲಸ. ಅದೇ ಕಾರ್ಖಾನೆಯ ಲ್ಯಾಬಿನಲ್ಲಿ ಆ ಹಾಳೆಯನ್ನು ಹರಿಯುವವರೆಗೂ ಎಳೆದು ನೋಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದ ಸಂಸಾರವೂ ಹೆಚ್ಚುಕಡಿಮೆ ಹೀಗೇ ನಡೆದಿತ್ತು.

ರಬ್ಬರು ಗಟ್ಟಿಯಾಗಲೆಂದು ಮಣ್ಣು ಹಾಕಿದ ಮೂರು ಮಾದರಿಗಳು ಆಗಲೇ ಎಳೆದ ಕೂಡಲೇ ಹರಿದುಹೋಗಿದ್ದವು. ನಾಲ್ಕನೆಯದೂ ಹಾಗೇ ಹರಿದರೆ ಲ್ಯಾಬಿಗೆ ಬೀಗ, ನಾಳೆಯಿಂದ ಪ್ಯಾಕಿಂಗಿಗೆ ಹೋಗಿ ಎಂದು ಮಾಲೀಕರು ಅವಳಿಗೆ ಹೇಳಿಬಿಟ್ಟಿದ್ದರು.

ಮೇಸ್ತ್ರಿ: ಇದರ ಕಣ ಎಷ್ಟು ದಪ್ಪ?

ಹೆಂಡತಿ: ಮಿಲಿಮೀಟರನ್ನ ಹತ್ತು ಲಕ್ಷ ಭಾಗ ಮಾಡಿದ್ರೆ ಅದರಲ್ಲಿ ಒಂದು ಭಾಗ. ಕಾಗದದ ಕಟ್ಟಿನ ಹಾಗೆ ಒಂದಕ್ಕೊಂದು ಅಂಟ್ಕೊಂಡಿರತ್ತೆ. ಹಾಳೆ ಹಾಳೆಯಾಗಿ ಬಿಡಿಸ್ಕೊಂಡು ರಬ್ಬರಲ್ಲಿ ಹರಡ್ಕೊಂಡ್ರೆ ರಬ್ಬರೇ ಕಲ್ಲಿನ ಹಾಗೆ ಗಟ್ಟಿ.

ಮೇಸ್ತ್ರಿ: ಆ ಹಾಳೇನ ನೀನು ನೋಡಿದ್ದೀಯಾ?

ಹೆಂಡತಿ: ಕಣ್ಣಿಗೆ ಕಾಣಲ್ಲ.

ಮೇಸ್ತ್ರಿ: ಕಾಣದ್ದನ್ನ ನಂಬ್ಕೊಂಡು ಕೆಲಸ ಕಳ್ಕೊಳ್ತಿದ್ದೀಯ.

ಹೆಂಡತಿ: ನಿಮ್ಮ ಬುದ್ಧೀನೂ ಕಾಣಲ್ಲ. ಅದನ್ನ ನಂಬ್ಕೊಂಡು ಇಷ್ಟು ವರ್ಷ ಬಾಳಿಲ್ವಾ?

ಮಣ್ಣನ್ನು ತಾನೇ ಅಳೆದು ರಬ್ಬರಿಗೆ ಸುರಿದು ಅವಳು ಲ್ಯಾಬಿಗೆ ಹೋದಳು. ಪ್ಯಾಕಿಂಗ್ ಎಂದರೆ ಎಂಟು ಗಂಟೆ ನಿಂತೇ ಇರಬೇಕು. ಅವಳ ಮಂಡಿಯ ಹಣೆಬರಹ ಮೇಸ್ತ್ರಿಗೆ ಗೊತ್ತು. ಹರಿಯುತ್ತಿರುವುದು ಮಣ್ಣಿನಿಂದಲೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದ್ದರಿಂದ ಅವಳಿಗೆ ಹೇಳದೆ ಮಣ್ಣನ್ನು ತೆಗೆದುಬಿಡಲು ತೀರ್ಮಾನಿಸಿದ.

ರಬ್ಬರಿಗೆ ಕಸ ಸೇರಿದರೆ ಉರುಳೆ ಬಿಗಿಮಾಡಿ ತೆಳ್ಳಗೆ ಹಾಯಿಸಬೇಕು, ಕಸ ಮೇಲೆ ಬರುತ್ತದೆ, ಹೆಕ್ಕಬೇಕು. ಅವನು ಕಲಿತ ವಿದ್ಯೆ ಅದು. ಕಾಗದ ತೂರುವಷ್ಟೇ ಸಂದಿ ಬಿಟ್ಟು ಹಾಯಿಸಿದ. ಬಿಳಿ ಗಂಟುಗಳು ಕಂಡವು. ಹೆಕ್ಕಲು ಹೋದರೆ ಕೈಗೆ ಸಿಗಲೊಲ್ಲವು. ಮಡಚಿ ಮತ್ತೆ ಹಾಯಿಸಿದ, ಗಂಟು ಸಣ್ಣದಾಯಿತು. ಊಟದ ಗಂಟೆ ಹೊಡೆದರೂ ಬಿಡಲಿಲ್ಲ. ಕೊನೆಗೊಮ್ಮೆ ಹಾಳೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಪೀಡೆ ತೊಲಗಿತು ಎಂದುಕೊಂಡು ಎಂದಿನಂತೆ ಗಂಧಕ ಬೆರೆಸಿ, ಹಾಳೆಯನ್ನು ಬೇಯಿಸಲು ಕಳಿಸಿದ. ಎಲ್ಲಿಗೆ ತೊಲಗಿತು ಎಂದು ಕೇಳಿಕೊಳ್ಳಲಿಲ್ಲ. ತಲೆನೋವು ಹೋದಮೇಲೆ ಎಲ್ಲಿಗೆ ಹೋಯಿತೆಂದು ಯಾರು ಹುಡುಕುತ್ತಾರೆ?

ಮಧ್ಯಾಹ್ನ ಲ್ಯಾಬಿನಲ್ಲಿ ಯಂತ್ರ ರಬ್ಬರಿನ ಪಟ್ಟಿಯನ್ನು ಎಳೆಯತೊಡಗಿತು. ಮಾಲೀಕರು ಕೈಕಟ್ಟಿ ನಿಂತಿದ್ದರು, ಮೇಸ್ತ್ರಿ ಬಾಗಿಲ ಬಳಿ ನಿಂತಿದ್ದ.

ಮಾಲೀಕರು: ಹರೀತಾ?

ಹೆಂಡತಿ: ಇನ್ನೂ ಇಲ್ಲ ಸಾರ್.

ಮಾಲೀಕರು: ಈಗ?

ಹೆಂಡತಿ: ಇಲ್ಲ.

ಮಾಲೀಕರು: ಮೆಷಿನ್ ಏನಾದ್ರೂ ಕೆಟ್ಟಿದೆಯೇನಮ್ಮ?

ಆಗ ಪಟ್ಟಿ ಹರಿಯಿತು. ಯಂತ್ರ ತೋರಿಸಿದ ಅಂಕಿ ಹಿಂದಿನದಕ್ಕಿಂತ ಎರಡು ಪಟ್ಟು.

ಹೆಂಡತಿ: ನೋಡಿದ್ರಾ ಸಾರ್, ಮಣ್ಣಿನ ತಾಕತ್ತು!

ಮೇಸ್ತ್ರಿ: ಅದರಲ್ಲಿ ಮಣ್ಣಿಲ್ಲ ಕಣೇ. ತೆಗೆದುಬಿಟ್ಟೆ.

ಮಾಲೀಕರು: ತೆಗೆದ್ರಾ? ತೆಗೆದು ಎಲ್ಲಿಟ್ರಿ?

ಮೇಸ್ತ್ರಿ: ಎಲ್ಲೂ ಇಟ್ಟಿಲ್ಲ ಸಾರ್. ಹಾಯಿಸ್ತಾ ಹಾಯಿಸ್ತಾ ಹೋಯ್ತು.

ಮಾಲೀಕರು: ಉರುಳೆ ಕೆಳಗಿನ ತಟ್ಟೆಗೆ ಬಿತ್ತಾ?

ಮೇಸ್ತ್ರಿ: ಒಂದು ಚಿಟಿಕೇನೂ ಬೀಳ್ಲಿಲ್ಲ.

ಹೆಂಡತಿ ಅಷ್ಟೂ ರಬ್ಬರನ್ನು ತರಿಸಿ ತೂಗಿದಳು. ರಬ್ಬರು, ಗಂಧಕದ ತೂಕ ಕಳೆದು ನೋಡಿದರೆ, ಹಾಕಿದ ಮಣ್ಣು ಒಂದು ಗ್ರಾಮೂ ಕಡಿಮೆಯಾಗದೆ ಅಲ್ಲೇ ಇತ್ತು.

ಹೆಂಡತಿ: ಎಷ್ಟು ಹೊತ್ತು ಹಾಯಿಸಿದ್ರಿ?

ಮೇಸ್ತ್ರಿ: ಬೆಳಿಗ್ಗೆಯಿಂದ ಊಟದ ಹೊತ್ತು ದಾಟೋವರೆಗೂ.

ಹೆಂಡತಿ: ಹಿಂದಿನ ಮೂರು ಸಲ?

ಮೇಸ್ತ್ರಿ: ಹತ್ತು ನಿಮಿಷ. ನೀನು ಕೊಟ್ಟ ಚೀಟಿಯಲ್ಲಿ ಹಾಗೇ ಇತ್ತು.

ಅವಳು ಚೀಟಿ ತೆಗೆದು ಹತ್ತು ನಿಮಿಷ ಎಂಬುದನ್ನು ಹೊಡೆದುಹಾಕಿದಳು.

ಹೆಂಡತಿ: ತೆಗೆಯೋಕೆ ಹೋಗಿ ಹಾಳೆ ಹಾಳೆ ಬಿಡಿಸಿ ಸೇರಿಸಿಬಿಟ್ಟಿದ್ದೀರ. ಯಾಕ್ರೀ ತೆಗೆಯೋಕೆ ಹೋದ್ರಿ?

ಮೇಸ್ತ್ರಿ: ಪ್ಯಾಕಿಂಗಲ್ಲಿ ನಿಂತ್ರೆ ನಿನ್ನ ಮಂಡಿ ಏನಾಗ್ಬೇಕು?

ಅವಳು ಅವನಿಗೆ ಕುರ್ಚಿ ಎಳೆದು ಕೊಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಇದು ಮೊದಲ ಸಲ. ಮಾಲೀಕರು ಕೆಮ್ಮಿದರು.

ಮಾಲೀಕರು: ಲ್ಯಾಬ್ ಇರ್ಲಿ. ಮೇಸ್ತ್ರಿ, ನಾಳೆ ಐವತ್ತು ಕಿಲೋ ಇದೇ ಥರ ಬೇಕು.

ಮೇಸ್ತ್ರಿ: ಆಗಲ್ಲ ಸಾರ್. ಇವತ್ತು ತೆಗೆದೇ ತೀರ್ಬೇಕು ಅಂತ ಹಟ ಇತ್ತು. ಈಗ ನನಗೂ ಮಣ್ಣಿನ ಮೇಲೆ ನಂಬಿಕೆ ಬಂದ್ಬಿಟ್ಟಿದೆ. ಇನ್ನು ಅಷ್ಟು ಹೊತ್ತು ಕೈ ಓಡಲ್ಲ.

ಹೆಂಡತಿ: ನೀವು ಯೋಚನೆ ಮಾಡ್ಬೇಡಿ ಸಾರ್. ನಾಳೆ ಮನೆಯಿಂದಲೇ ಜಗಳ ಆಡ್ಕೊಂಡು ಕರ್ಕೊಂಡು ಬರ್ತೀನಿ.