ಇಪ್ಪತ್ತೆಂಟು ಕಪ್ಪುಗಳ ಬೇಸಾಯ

ಭತ್ತದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬುದು ಮೊನ್ನೆ ಮೊನ್ನೆಯವರೆಗೂ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಮ್ಯಾನೇಜರ್. ಚೀಲದ ಬಾಯಿ ಬಿಚ್ಚಿದರೆ ಸಾಕು, ಯಾವ ತಳಿ, ಎಷ್ಟು ಒಣಗಿದೆ, ಗಿರಣಿಗೆ ಹಾಕಿದರೆ ಎಷ್ಟು ನುಚ್ಚಾಗುತ್ತದೆ ಎಂದು ಹೇಳಿಬಿಡುತ್ತೇನೆ. ರೈತರು ನನ್ನ ಮಾತನ್ನು ಒಪ್ಪುತ್ತಾರೆ. ಒಪ್ಪದಿದ್ದರೆ ಲಾರಿ ತಿರುಗಿಸಿಕೊಂಡು ಹೋಗಬೇಕಾಗುತ್ತದೆ ಎಂಬುದು ಬೇರೆ ಮಾತು.

ನಮ್ಮ ಮನೆ ಕಮಲಾಪುರದಲ್ಲಿ. ಹೆಂಡತಿ ಸುಮಂಗಲ ಬುಕ್ಕಸಾಗರದ ಪ್ರಾಥಮಿಕ ಶಾಲೆಯಲ್ಲಿ ಮೂರನೆಯ ತರಗತಿಯ ಟೀಚರ್. ದಿನಾ ಬೈಕಿನಲ್ಲಿ ಅವಳನ್ನು ಶಾಲೆಯ ಮುಂದೆ ಇಳಿಸಿ ನಾನು ಕಂಪ್ಲಿಗೆ ಹೋಗುತ್ತೇನೆ. ಜೂನ್ ಕೊನೆಯ ಒಂದು ಸಂಜೆ ಅವಳು ಡಬ್ಬಿಯಿಂದ ಹೆಸರುಕಾಳು ತೆಗೆದು ಪೊಟ್ಟಣ ಕಟ್ಟುತ್ತಿದ್ದಳು. ಏನೆಂದು ಕೇಳಿದೆ.

“ಶನಿವಾರ ಹುಡುಗ್ರಿಗೆ ವಿಜ್ಞಾನದ ಚಟುವಟಿಕೆ ಐತಿ. ಕಪ್ಪಿನಾಗ ಮಣ್ಣು ಹಾಕಿ, ಬೀಜ ಹಾಕಿ, ದಿನಾ ನೋಡಿ ಬರಿಯೋದು.”

“ಬುಕ್ಕಸಾಗರದ ಹುಡುಗ್ರಿಗೆ ಹೆಸರುಕಾಳಾ? ಸುತ್ತ ನಾಕೂ ಕಡೆ ನೆಲ್ಲಿನ ಗದ್ದಿ ಇಟ್ಕೊಂಡು?” ಎಂದೆ. ಭತ್ತಕ್ಕೆ ನಮ್ಮ ಕಡೆ ನೆಲ್ಲು ಎನ್ನುವುದು ವಾಡಿಕೆ.

“ಹೆಸರುಕಾಳು ಎರಡ ದಿನದಾಗ ಮೊಳಿತಾವ್ರಿ. ನೆಲ್ಲಿಂದು ತ್ರಾಸು ಯಾಕ?”

ತ್ರಾಸು ಎಂಬ ಮಾತು ನನ್ನ ವೃತ್ತಿಗೆ ಅವಮಾನವಾಗಿ ಕೇಳಿಸಿತು. ಈ ಚಟುವಟಿಕೆಯ ಸಂಪೂರ್ಣ ಹೊಣೆಯನ್ನು ನಾನೇ ಹೊತ್ತುಕೊಳ್ಳುವುದಾಗಿ ಘೋಷಿಸಿದೆ. ಸುಮಂಗಲ ಪೊಟ್ಟಣ ಬಿಚ್ಚಿ ಹೆಸರುಕಾಳನ್ನು ಮತ್ತೆ ಡಬ್ಬಿಗೆ ಸುರಿದಳು. ಅವಳು ಜಗಳ ಮಾಡುವವಳಲ್ಲ. ಕಾಯುವವಳು.

ಮರುದಿನ ಗಿರಣಿಯಲ್ಲಿ ಬೀಜದ ಆಯ್ಕೆಗೆ ಕುಳಿತೆ. ಲಾರಿಯಿಂದ ಆಗತಾನೆ ಇಳಿದ ರಾಶಿಯಲ್ಲಿ ಧೂಳು, ಹುಲ್ಲಿನ ಚೂರು, ಜೊಳ್ಳು ಎಲ್ಲ ಇತ್ತು. ಅಂಥದ್ದನ್ನು ಶಾಲಾ ಮಕ್ಕಳ ಕೈಗೆ ಕೊಡುವುದೇ? ಡ್ರೈಯರ್ ಬಳಿ ಇನ್ನೊಂದು ರಾಶಿ ಇತ್ತು. ತೊಳೆದಂತೆ ಸ್ವಚ್ಛ, ಒಳ್ಳೆಯ ಬಣ್ಣ, ಒಂದೇ ಅಳತೆ. ಅದರಿಂದ ಒಂದೊಂದೇ ಕಾಳನ್ನು ಬೆಳಕಿಗೆ ಹಿಡಿದು ನೋಡಿ, ಮಗುವಿಗೆ ಐದರಂತೆ ಇಪ್ಪತ್ತೆಂಟು ಮಕ್ಕಳಿಗೆ ನೂರಾ ನಲವತ್ತು ಕಾಳು ಆರಿಸಿದೆ. ಮಧ್ಯಾಹ್ನದ ಊಟವನ್ನು ಅರ್ಧ ಗಂಟೆ ತಡವಾಗಿ ಮಾಡಿದೆ. ದೇಶದ ಭವಿಷ್ಯದ ಮುಂದೆ ಊಟ ಯಾವ ಲೆಕ್ಕ?

ಶನಿವಾರ ಶಾಲೆಯಲ್ಲಿ ನನ್ನ ಭಾಷಣವೂ ಇತ್ತು. ಭಾಷಣ ಮಾಡಿ ಎಂದು ಯಾರೂ ಕೇಳಿರಲಿಲ್ಲ.

“ಮಕ್ಕಳೇ, ಈ ಕಾಳಿನೊಳಗೆ ಒಂದು ಜೀವ ಮಲಗಿದೆ. ನೀರು ಹಾಕಿ ಅದನ್ನು ಎಬ್ಬಿಸುವುದು ನಿಮ್ಮ ಕೆಲಸ. ಬೀಜ ಮೊಳೆಯಲು ಏನೇನು ಬೇಕು, ಯಾರು ಹೇಳುತ್ತೀರಿ?”

“ಯೂರಿಯಾ ಸರ್ರ,” ಎಂದ ಮುಂದಿನ ಸಾಲಿನ ಮಂಜ.

ಗಾಳಿ, ನೀರು, ಹದವಾದ ಬಿಸಿ ಎಂದು ತಿದ್ದಿದೆ. ಅವನಿಗೆ ಸಮಾಧಾನವಾಗಲಿಲ್ಲ. “ಸರ್ರ, ಒಂದ ದಿನ ನೀರಾಗ ನೆನಸಿ, ಚೀಲದಾಗ ಕಟ್ಟಿ, ಮ್ಯಾಲೆ ಕಲ್ಲು ಹೇರಿ ಇಡ್ತಾರಲ್ರಿ? ನೀವು ಹಂಗ ತಂದ್ರೇನ್ರಿ?”

“ಅದು ಒಕ್ಕಲುತನ. ಇದು ವಿಜ್ಞಾನ,” ಎಂದೆ.

ಆಗ ಒಂದು ಸಣ್ಣ ಹುಡುಗಿ ಎದ್ದು ನಿಂತು, “ನನಗ ಎಲ್ಲಾರಕಿಂತ ಮೊದಲು ಬರತೈತಿ ಸರ್ರ,” ಎಂದಳು. ರೇಣುಕಾ ಎಂದು ಹೆಸರು. ಅವಳ ತಾಯಿ ಹುಲಿಗೆಮ್ಮ ಊರಿನ ನಾಟಿ ಹೆಂಗಸರ ಗುಂಪಿನ ಮುಂದಾಳು. ಸುಮಂಗಲ ನನ್ನ ಕಿವಿಯಲ್ಲಿ ವಿವರಿಸಿದಳು. ಹುಲಿಗೆಮ್ಮನ ಕೈಗುಣ ಭಾಳ ಒಳ್ಳೆಯದು ಎಂದು ಸುತ್ತಲಿನವರ ನಂಬಿಕೆ. ಯಾರ ಗದ್ದೆಯಲ್ಲೇ ಸಸಿ ಮಡಿ ಮಾಡಲಿ, ಮೊಳಕೆ ಕಟ್ಟಿದ ಬೀಜದ ಮೊದಲ ಹಿಡಿಯನ್ನು ಅವಳಿಂದಲೇ ಚೆಲ್ಲಿಸುತ್ತಾರೆ. ಈ ವರ್ಷ ಆ ಮೊದಲ ಹಿಡಿಯನ್ನು ಮಗಳ ಕೈಯಿಂದ ಹಾಕಿಸುವುದೆಂದು ಮನೆಯಲ್ಲಿ ಮಾತಾಗಿದೆಯಂತೆ.

“ನಮ್ಮವ್ವಂದೂ ನಂದೂ ಕೈ ಒಂದ,” ಎಂದು ರೇಣುಕಾ ಅಂಗೈ ತೋರಿಸಿದಳು. ನಾನು ಕೈಗುಣ ಎಂಬುದು ಮೂಢನಂಬಿಕೆ ಎಂದು ಎರಡು ಮಾತು ಹೇಳಿ, ಐದು ಕಾಳು ಕೊಟ್ಟೆ.

ಮಂಗಳವಾರದವರೆಗೆ ಏನೂ ಆಗಲಿಲ್ಲ. ನೀರು ಕಡಿಮೆಯಾಗಿದೆ, ಹೆಚ್ಚು ಹಾಕಿಸು ಎಂದು ಸುಮಂಗಲಳಿಗೆ ಫೋನಿನಲ್ಲಿ ಸೂಚನೆ ಕೊಟ್ಟೆ. ಬುಧವಾರವೂ ಏನೂ ಆಗಲಿಲ್ಲ. ನೀರು ಹೆಚ್ಚಾಗಿದೆ, ಬಿಸಿಲಿಗೆ ಇಡಿಸು ಎಂದೆ. ಗುರುವಾರ ಅವಳು ಮಕ್ಕಳ ವೀಕ್ಷಣೆಯ ಪುಸ್ತಕಗಳನ್ನು ಮನೆಗೆ ತಂದು ನನ್ನ ಮುಂದೆ ಇಟ್ಟಳು. ಬಹಳಷ್ಟರಲ್ಲಿ ‘ಇವತ್ತು ಏನೂ ಇಲ್ಲ’ ಎಂದು ದಿನಕ್ಕೊಂದು ಸಾಲು ಇತ್ತು. ಮಂಜ ಮಾತ್ರ ‘ಇವತ್ತು ವಾಸನೆ ಬಂತು’ ಎಂದು ಪ್ರಗತಿ ದಾಖಲಿಸಿದ್ದ. ರೇಣುಕಾಳ ಪುಸ್ತಕದಲ್ಲಿ ‘ನಾಳೆ ಬರುತ್ತೆ’ ಎಂದು ಐದು ಸಲ ಬರೆದಿತ್ತು.

“ಕಾಳು ಎಲ್ಲಿಂದ ತಂದ್ರಿ?” ಎಂದಳು ಸುಮಂಗಲ, ರೊಟ್ಟಿ ಬಡಿಯುತ್ತಾ.

“ಡ್ರೈಯರ್ ಹತ್ತಿರದ ರಾಶಿಯಿಂದ. ಗಿರಣಿಯಾಗ ಅದರಷ್ಟು ಚಲೋ ಮಾಲು ಇಲ್ಲ.”

“ಡ್ರೈಯರ್‌ಗೆ ಬರೋಕಿಂತ ಮೊದಲ ಅದಕ್ಕ ಏನ್ ಮಾಡ್ತೀರಿ?”

“ಏನ್ ಮಾಡ್ತೀವಿ? ನೆನಸಿ, ಬಾಯ್ಲರ್ ಹಬಿ ಬಿಟ್ಟು...”

ರೊಟ್ಟಿ ಬಡಿಯುವ ಸದ್ದು ನಿಂತಿತು.

“ಬೇಯಿಸಿದ್ದು,” ಎಂದಳು.

“ಹಬಿ ಅಷ್ಟ.”

“ಹಂಗಾದ್ರ ಮುಂದಿನ ಶನಿವಾರ ಇಡ್ಲಿ ಬಿತ್ತಸ್ರಿ.”

ಇಪ್ಪತ್ತೆರಡು ವರ್ಷ. ದಿನಕ್ಕೆ ಎಷ್ಟೋ ಚೀಲ ಭತ್ತವನ್ನು ನಾನು ಮುಂದೆ ನಿಂತು ಬೇಯಿಸಿದ್ದೇನೆ. ನನ್ನ ಪಾಲಿಗೆ ಭತ್ತ ಎಂದರೆ ಲಾರಿಯಿಂದ ಇಳಿದು ಅಕ್ಕಿಯಾಗಿ ಲಾರಿ ಹತ್ತುವ ವಸ್ತು. ಅದು ಹುಟ್ಟುತ್ತದೆ, ಹಬೆ ತಗುಲಿದರೆ ಸಾಯುತ್ತದೆ ಎಂಬುದು ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ. ಜೀವ ಮಲಗಿದೆ ಎಂದು ಭಾಷಣ ಮಾಡಿದ್ದೆನಲ್ಲ, ಅದನ್ನು ನೆನೆದು ಕಿವಿ ಬಿಸಿಯಾಯಿತು.

“ನಾಳೆ ಹುಡುಗ್ರಿಗೆ ಹೇಳಿಬಿಡ್ರಿ. ತಪ್ಪಾತು ಅಂದ್ರ ಮುಗೀತು,” ಎಂದಳು ಸುಮಂಗಲ. ಸರಳವಾದ ಸಲಹೆ. ಆದರೆ ಗಿರಣಿ ಮ್ಯಾನೇಜರ್ ಬೆಂದ ಭತ್ತ ಬಿತ್ತಿಸಿದ ಎಂಬ ಸುದ್ದಿ ಬುಕ್ಕಸಾಗರದಿಂದ ಹೊರಟರೆ ನನಗಿಂತ ಮೊದಲು ಕಂಪ್ಲಿ ಮುಟ್ಟುತ್ತದೆ. ರೈತರ ಮುಂದೆ ಮುಖ ಎತ್ತುವುದು ಹೇಗೆ? ನಾನು ಬೇರೊಂದು ಪರಿಹಾರವನ್ನು ಆಲೋಚಿಸಿದೆ. ಆಲೋಚಿಸಬಾರದಿತ್ತು.

ಭಾನುವಾರ ಮಧ್ಯಾಹ್ನ, ಕಪ್ಪುಗಳನ್ನು ಒಮ್ಮೆ ನೋಡಿ ಬರುತ್ತೇನೆಂದು ಸುಮಂಗಲಳ ಚೀಲದಿಂದ ತರಗತಿಯ ಬೀಗದ ಕೈ ತೆಗೆದುಕೊಂಡು ಹೊರಟೆ. ಬುಕ್ಕಸಾಗರದ ಕಾಲುವೆ ಪಕ್ಕ ಒಬ್ಬ ಹಿರಿಯ ರೈತರ ಸಸಿ ಮಡಿ ಹಸಿರಾಗಿತ್ತು. ಬಿತ್ತಿ ವಾರವಾಗಿರಬಹುದು. ಬೈಕ್ ನಿಲ್ಲಿಸಿ, ಒಂದು ಹಿಡಿ ಸಸಿ ಬೇಕಿತ್ತು ಎಂದೆ.

“ಎಷ್ಟ ಎಕರೆಗೆ ನಾಟಿ ಮಾಡ್ತೀರಿ?” ಎಂದರು ಅವರು.

“ಇಪ್ಪತ್ತೆಂಟು ಕಪ್ಪಿಗೆ,” ಎಂದೆ.

ಅವರು ಮತ್ತೇನೂ ಕೇಳದೆ ಸಸಿ ಕಿತ್ತುಕೊಟ್ಟು, ಬಿಸಿಲಿನಲ್ಲಿ ಹೆಚ್ಚು ತಿರುಗಬೇಡಿ ಎಂದು ಬುದ್ಧಿ ಹೇಳಿದರು.

ತರಗತಿಯ ನೆಲದ ಮೇಲೆ ಕುಳಿತು, ಬೆಂದ ಕಾಳುಗಳನ್ನು ಹೆಕ್ಕಿ ತೆಗೆದು, ಸಸಿಗಳನ್ನು ನೆಟ್ಟೆ. ಕಪ್ಪುಗಳನ್ನು ಎಣಿಸಿದರೆ ಇಪ್ಪತ್ತೇಳೇ ಇದ್ದವು. ಒಂದನ್ನು ಯಾರೋ ಒಡೆದಿರಬೇಕು ಎಂದುಕೊಂಡು ಅದರ ವಿಚಾರ ಬಿಟ್ಟೆ. ಕೊನೆಗೆ ಒಂದಷ್ಟು ಸಸಿ ಉಳಿದವು. ಜೀವ ಇರುವ ಸಸಿಯನ್ನು ಎಸೆಯಲು ಮನಸ್ಸು ಬರಲಿಲ್ಲ. ನಾನು ಹೊಸದಾಗಿ ಜೀವದ ಬೆಲೆ ಅರಿತವನು. ಅಲ್ಲೊಂದು ಇಲ್ಲೊಂದು ಸೇರಿಸಿ ಮುಗಿಸಿದೆ.

ಸೋಮವಾರ ಬೆಳಿಗ್ಗೆ ಗಿರಣಿಗೆ ತಡವಾದರೂ ಪರವಾಗಿಲ್ಲವೆಂದು ತರಗತಿಯ ಬಾಗಿಲಲ್ಲಿ ನಿಂತೆ. ಮಕ್ಕಳು ಕೂಗಾಡುತ್ತಾ ಕಪ್ಪು ಎತ್ತಿಕೊಂಡರು. ಶನಿವಾರ ಬರಿ ಮಣ್ಣು, ಸೋಮವಾರ ಬೆರಳುದ್ದದ ಹಸಿರು.

“ಸರ್ರ, ನಮ್ಮ ಗದ್ಯಾಗ ಇಷ್ಟ ಜಲ್ದಿ ಬರಂಗಿಲ್ರಿ,” ಎಂದ ಮಂಜ.

“ವಿಜ್ಞಾನ,” ಎಂದೆ.

ಅವನು ಎಣಿಸಿದ. “ಸರ್ರ, ನೀವು ಐದ ಕಾಳು ಕೊಟ್ಟಿದ್ರಿ. ನಂದರಾಗ ಏಳು ಬಂದಾವ್ರಿ.”

ಸುಮಂಗಲ ನನ್ನ ಕಡೆ ತಿರುಗಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಅಷ್ಟರಲ್ಲಿ ರೇಣುಕಾ ಒಳಗೆ ಬಂದಳು. ಅವಳ ಎರಡೂ ಕೈಗಳಲ್ಲಿ ಇಪ್ಪತ್ತೆಂಟನೆಯ ಕಪ್ಪು ಇತ್ತು. ಶನಿವಾರ ಅದನ್ನು ಮನೆಗೆ ಒಯ್ದಿದ್ದಳು. ಭಾನುವಾರ ಶಾಲೆಯಲ್ಲಿ ಯಾರು ನೀರು ಹಾಕುತ್ತಾರೆ ಎಂಬ ಚಿಂತೆ ಅವಳಿಗೆ.

ಅವಳು ಎಲ್ಲರ ಕಪ್ಪುಗಳನ್ನು ನೋಡಿದಳು. ಆಮೇಲೆ ತನ್ನದನ್ನು ನೋಡಿದಳು. ಅಳಲಿಲ್ಲ. ಹೋಗಿ ಕಿಟಕಿಯ ಬಳಿ ಇಟ್ಟು, ತನ್ನ ಜಾಗದಲ್ಲಿ ಕುಳಿತಳು. ನಾನು ಆಗಲೇ ಬಾಯಿ ಬಿಡಬೇಕಿತ್ತು. ಗಿರಣಿಗೆ ಹೊತ್ತಾಯಿತು ಎಂದು ಬೈಕ್ ಹತ್ತಿದೆ. ಇಷ್ಟು ಹೇಡಿ ಎಂದು ನನಗೇ ಗೊತ್ತಿರಲಿಲ್ಲ.

ಮಂಗಳವಾರ ಸಂಜೆ ಸುಮಂಗಲಳನ್ನು ಕರೆದುಕೊಳ್ಳಲು ಹೋದಾಗ ಶಾಲೆಯ ಗೇಟಿನಲ್ಲಿ ಹುಲಿಗೆಮ್ಮ ನಿಂತಿದ್ದಳು. ಗದ್ದೆಯಿಂದ ನೇರ ಬಂದಿದ್ದಳು, ಕಾಲಿಗಿನ್ನೂ ಕೆಸರಿತ್ತು.

“ಟೀಚರ್, ಶನಿವಾರ ಬೀಜ ಚೆಲ್ಲೋದೈತ್ರಿ. ರೇಣುಕಾ ಒಲ್ಲೆ ಅಂತಾಳ. ನಾ ಮುಟ್ಟಿದ್ರ ಮಂದಿ ಬೀಜ ಕೆಡ್ತಾವ ಅಂತಾಳ. ಎರಡ ದಿನ ಆತು, ಕುಡಿಯೋ ನೀರಿನ ಕೊಡಾನೂ ಮುಟ್ಟವಲ್ಲಳು. ಸಾಲ್ಯಾಗ ಏನಾರ ಅಂದ್ರೇನ್ರಿ ಯಾರಾರ?”

ಸುಮಂಗಲ ನಾಳೆ ವಿಚಾರಿಸುತ್ತೇನೆಂದು ಅವಳನ್ನು ಕಳಿಸಿ ಬೈಕ್ ಹತ್ತಿದಳು. ಮನೆಗೆ ಬಂದು ಚಪ್ಪಲಿ ಬಿಡುವಾಗ, “ನಾ ಹೇಳಂಗಿಲ್ಲ. ನೀವ ಹೇಳಬೇಕು,” ಎಂದಳು. ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ತಟ್ಟೆಯಲ್ಲಿದ್ದುದು ನಮ್ಮ ಗಿರಣಿಯದೇ ಅಕ್ಕಿ.

ಬುಧವಾರ ಮೂರನೆಯ ತರಗತಿಯ ಇಪ್ಪತ್ತೆಂಟು ಮಕ್ಕಳ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಕೊಟ್ಟದ್ದು ಬೆಂದ ಕಾಳು, ಬಂದದ್ದು ಕಿತ್ತು ತಂದ ಸಸಿ, ವಿಜ್ಞಾನದ ಪಾತ್ರ ಏನೂ ಇಲ್ಲ. ನಗುತ್ತಾರೆ ಎಂದು ಸಿದ್ಧನಾಗಿ ಹೋಗಿದ್ದೆ. ಮಂಜ ಒಬ್ಬನೇ “ಏಳು ಬಂದಾಗ ನನಗ ಡೌಟ್ ಇತ್ರಿ” ಎಂದ.

ರೇಣುಕಾ ಎದ್ದಳು. “ಅಂದ್ರ ಸತ್ತದ್ದು ಕೊಟ್ಟಿದ್ರೇನ್ರಿ?”

“ಹೌದವ್ವ.”

“ನಾ ದಿನಾ ಸಾಲಿಗೆ ಬಂದ ಕೂಡ್ಲೆ ನೀರು ಹಾಕೀನ್ರಿ.”

“ತಪ್ಪಾತು ತಾಯಿ. ನಿನ್ನ ಕೈಯಿಂದ ಏನೂ ಕೆಟ್ಟಿಲ್ಲ. ಕೆಡಿಸಿದವ ನಾನು.”

ಅಷ್ಟಕ್ಕೆ ಅವಳು ಒಪ್ಪಲಿಲ್ಲ. “ನೀವು ಆವತ್ತೂ ಹಿಂಗ ಹೇಳಿದ್ರಿ, ಜೀವ ಐತಿ ಅಂತ,” ಎಂದಳು. “ಎರಡೂ ತಂದುಕೊಡ್ರಿ. ಬೇಯಿಸಿದ್ದು ಐದು, ಬೇಯಿಸಲಾರದ್ದು ಐದು. ನಾನ ನೋಡ್ತೀನಿ.”

ನನ್ನ ಮಾತಿಗೆ ಅಲ್ಲಿ ಬೆಲೆ ಅಷ್ಟೇ ಉಳಿದಿತ್ತು. ಕಂಪ್ಲಿಗೆ ಹೋಗಿ ಎರಡನ್ನೂ ತಂದೆ. ಧೂಳಿದ್ದ ರಾಶಿಯಿಂದ ಐದು, ಚೆಂದದ ರಾಶಿಯಿಂದ ಐದು. ಅವಳು ಎರಡನ್ನೂ ಬೇರೆ ಬೇರೆ ನೆನಸಿ, ಎರಡು ಬಟ್ಟೆ ಚೂರುಗಳಲ್ಲಿ ಕಟ್ಟಿದಳು. ಬೇಯಿಸಿದ್ದಕ್ಕೆ ಎರಡು ಗಂಟು, ಹಸಿಯದಕ್ಕೆ ಒಂದು ಗಂಟು. ತನ್ನ ಕೈಯಿಂದಲೇ ನೀರು ಚಿಮುಕಿಸಿದಳು, ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಸುಮಂಗಲ ಅಂದು ಮನೆಗೆ ಬರುವಾಗ, “ಚಟುವಟಿಕೆ ಅಂದ್ರ ಇದು ನೋಡ್ರಿ,” ಎಂದಳು. ಹನ್ನೆರಡು ದಿನಗಳಲ್ಲಿ ನನ್ನ ಸಾಧನೆ ಏನೆಂದು ನಾನು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಗಂಟು ಬಿಚ್ಚುವಾಗ ನಾನೂ ಮಕ್ಕಳ ಹಿಂದೆ ಬಗ್ಗಿ ನಿಂತಿದ್ದೆ. ಆ ಐದು ಹಸಿ ಕಾಳುಗಳು ಕೈಕೊಟ್ಟರೆ ಆ ಮಗುವನ್ನು ಯಾರೂ ಏನು ಹೇಳಿಯೂ ನಂಬಿಸಲಾರರು. ಎರಡು ಗಂಟಿನ ಬಟ್ಟೆ ಮೊದಲು ಬಿಚ್ಚಿದಳು. ಅಂಟು, ನಾತ. ಒಂದು ಗಂಟಿನದನ್ನು ಬಿಚ್ಚಿದಳು. ಐದಕ್ಕೆ ಐದೂ ಬಿಳಿ ಮೂತಿ ತೋರಿಸಿದ್ದವು. ರೇಣುಕಾ ಅವನ್ನು ಎರಡು ಸಲ ಎಣಿಸಿ, ಅಂಗೈ ಮೇಲೆ ಇಟ್ಟುಕೊಂಡು, ಬಾಗಿಲ ಕಡೆ ನಡೆದಳು. ಇಡೀ ತರಗತಿ ಅವಳ ಹಿಂದೆ ಗದ್ದೆಗೆ ಹೊರಟಿತು. ನನಗೆ ಕಣ್ಣು ಮಂಜಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆ ಇಲ್ಲ.

ಗದ್ದೆಯಲ್ಲಿ ಮಡಿ ಸಿದ್ಧವಾಗಿತ್ತು. ಹೆಂಗಸರು ಬುಟ್ಟಿಗೆ ಬೀಜ ಸುರಿದು ನಿಂತಿದ್ದರು. ರೇಣುಕಾ ಕೆಸರಿಗಿಳಿದು, ತನ್ನ ಐದು ಕಾಳನ್ನೂ ಬುಟ್ಟಿಗೆ ಸೇರಿಸಿ, ತುಂಬು ಹಿಡಿ ತೆಗೆದು ತಾಯಿಯ ಹಾಗೆಯೇ ಬೀಸಿ ಚೆಲ್ಲಿದಳು. ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಮೊದಲ ಹಿಡಿಯಾದ ಮೇಲೆ ಅಲ್ಲಿದ್ದವರೆಲ್ಲ ಒಂದೊಂದು ಹಿಡಿ ಹಾಕುವುದು ಅವರ ಪದ್ಧತಿ. ರೇಣುಕಾ ಬುಟ್ಟಿ ಹೊತ್ತು ಬದುವಿನ ಮೇಲೆ ಬಂದಳು. ಮಕ್ಕಳು ಹಾಕಿದರು. ಸುಮಂಗಲ ಹಾಕಿದಳು. ಬುಟ್ಟಿ ನನ್ನ ಮುಂದೆ ಬಂದಾಗ ನಾನು ಅಂಗಿಯ ತೋಳು ಮಡಚಿ, ಬಲಗೈ ಚಾಚಿದೆ.

“ಸರ್‌ದು ಬ್ಯಾಡ್ರಿ,” ಎಂದು ಅವಳು ಬುಟ್ಟಿಯನ್ನು ಮಂಜನ ಕಡೆ ತಿರುಗಿಸಿದಳು. ಅವನು ಆಗಲೇ ಒಂದು ಸಲ ಹಾಕಿದ್ದ. ನನ್ನ ಪಾಲಿನದನ್ನೂ ಅವನೇ ಹಾಕಿದ.

ಯಾರೂ ನಗಲಿಲ್ಲ. ಹುಲಿಗೆಮ್ಮ ಮಗಳನ್ನು ಗದರಲಿಲ್ಲ. ಸುಮಂಗಲಳೂ ನನ್ನ ಪರವಾಗಿ ಒಂದು ಮಾತು ಆಡಲಿಲ್ಲ. ಬೀಜ ಉಳಿಯಬೇಕು ಎನ್ನುವವರು ಮತ್ತೇನು ಮಾಡಿಯಾರು? ನಾನು ಚಾಚಿದ್ದ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು, ಸಸಿ ಮಡಿಯಿಂದ ಎರಡು ಹೆಜ್ಜೆ ದೂರ ಸರಿದು ನಿಂತೆ.