ಆರನೆಯ ಚುಕ್ಕಿ

ಗಣಿತದ ಮೇಷ್ಟ್ರುಗಳಾದ ನಮಗೊಂದು ಚಾಳಿಯಿದೆ. ಉತ್ತರ ಗೊತ್ತಿರುವ ಪ್ರಶ್ನೆಗಳನ್ನಷ್ಟೇ ಕೇಳುತ್ತೇವೆ. ಹುಡುಗರು ತಡವರಿಸಿದರೆ ಆ ಲೆಕ್ಕವನ್ನು ನಾವೇ ಕಂಡುಹಿಡಿದವರಂತೆ ಮೀಸೆಯಡಿ ನಗುತ್ತೇವೆ. ನನಗೆ ಈ ಚಾಳಿ ಕೊಂಚ ಹೆಚ್ಚೇ ಇತ್ತು. ಎಪ್ಪತ್ತರ ದಶಕದಲ್ಲಿ ಸಿರುಗುಪ್ಪದ ಒಂದು ಹೈಸ್ಕೂಲು ಸೇರಿದ್ದೆ. ಮದುವೆಯಾಗಿ ಮೂರು ತಿಂಗಳು, ನೌಕರಿ ಮಾತ್ರ ಇನ್ನೂ ಖಾಯಂ ಆಗಿರಲಿಲ್ಲ. ಬಳ್ಳಾರಿಯಿಂದ ಇನ್ಸ್‌ಪೆಕ್ಟರು ಬಂದು, ನನ್ನ ಒಂದು ಪಾಠ ನೋಡಿ, ಒಳ್ಳೆಯ ವರದಿ ಬರೆದರೆ ಖಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು.

ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಸಂಖ್ಯೆಗಳ ಸಾಲು ಕೊಟ್ಟು, ಮುಂದಿನದು ಯಾವುದು, ಯಾಕೆ ಎಂದು ಕೇಳುವುದುಂಟು. ನಮ್ಮ ಹುಡುಗರು ಮುಂದಿನದನ್ನು ಥಟ್ಟನೆ ಹೇಳುತ್ತಿದ್ದರು. ಯಾಕೆ ಎಂದರೆ ಕಿಟಕಿಯಾಚೆ ನೋಡುತ್ತಿದ್ದರು. ಆಚೆ ಅಕ್ಕಿ ಗಿರಣಿ ಬಿಟ್ಟರೆ ಬೇರೇನೂ ಇರಲಿಲ್ಲ. ಬರೀ ಊಹೆ ಬೇಡ, ಪರೀಕ್ಷಿಸಿ ನೋಡಿ ಎಂದು ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡೆ.

ಇನ್ಸ್‌ಪೆಕ್ಟರು ಬಂದ ದಿನ ಬಹಳ ಚೆಂದದ ಲೆಕ್ಕವೊಂದನ್ನು ಆರಿಸಿದ್ದೆ. ವೃತ್ತದ ಅಂಚಿನಲ್ಲಿ ಎರಡು ಚುಕ್ಕಿಯಿಟ್ಟು ಗೆರೆಯೆಳೆದರೆ ಒಳಗೆ ಎರಡು ಮನೆ, ಅಂದರೆ ಎರಡು ಭಾಗ. ಮೂರು ಚುಕ್ಕಿಗಳನ್ನು ಒಂದಕ್ಕೊಂದು ಸೇರಿಸಿದರೆ ನಾಲ್ಕು ಮನೆ, ನಾಲ್ಕಕ್ಕೆ ಎಂಟು, ಐದಕ್ಕೆ ಹದಿನಾರು. ಆರಕ್ಕೆ? ತರಗತಿಗೆ ತರಗತಿಯೇ ಮೂವತ್ತೆರಡು ಎಂದಿತು. ಪ್ರತಿ ಸಲ ಇಮ್ಮಡಿಯಾಗುತ್ತದೆ ಎಂಬ ಕಾರಣವೂ ಬಂತು. ನಾನು ಇನ್ಸ್‌ಪೆಕ್ಟರ ಕಡೆ ತಿರುಗಿ ಗೆದ್ದವನಂತೆ ನಿಂತೆ. ಆರು ಚುಕ್ಕಿಯದನ್ನು ಮಾತ್ರ ನಾನು ಮನೆಯಲ್ಲಿ ಎಣಿಸಿ ನೋಡಿರಲಿಲ್ಲ. ಐದರವರೆಗೆ ನಡೆದದ್ದು ಆರಕ್ಕೆ ಕೈಕೊಡುತ್ತದೆಯೇ ಎಂಬ ಧೈರ್ಯ.

ಎರಡನೆಯ ಸಾಲಿನಲ್ಲಿ ಮೆಹಬೂಬಿ ಇನ್ನೂ ತಲೆಯೆತ್ತಿರಲಿಲ್ಲ. ಬಳೆಗಾರರ ಮನೆಯ ಹುಡುಗಿ. ಕೈವಾರವಿಲ್ಲದ್ದರಿಂದ ಬಳೆಯನ್ನೇ ಕಾಗದದ ಮೇಲಿಟ್ಟು ವೃತ್ತ ಬರೆಯುತ್ತಿದ್ದಳು. ಆವತ್ತು ಅವ್ವನಿಂದ ದೊಡ್ಡ ಬಳೆ ತಂದಿದ್ದಳು. ಎಣಿಸಿದ್ದನ್ನೇ ಮತ್ತೆ ಎಣಿಸಬಾರದೆಂದು ಒಂದೊಂದು ಮನೆಗೆ ಒಂದೊಂದು ಅಕ್ಕಿಕಾಳು ಇಟ್ಟು, ಆಮೇಲೆ ಕಾಳುಗಳನ್ನು ಎಣಿಸಿದಳು.

"ಸರ, ಮೂವತ್ತೊಂದ ಅದಾವ್ರಿ."

ಒಂದು ಕಾಳು ಉರುಳಿಹೋಗಿರಬೇಕು, ಮತ್ತೆ ಎಣಿಸು ಎಂದೆ. ಮತ್ತೂ ಮೂವತ್ತೊಂದೇ. ಇನ್ಸ್‌ಪೆಕ್ಟರು ಕನ್ನಡಕ ಏರಿಸಿಕೊಂಡು ತಾವೇ ಬೆಂಚಿನ ಮೇಲೆ ಬಾಗಿದರು, ಮೂವತ್ತೊಂದು. ಅಲ್ಲಿಂದ ಎದ್ದು, ನಾನು ಹಲಗೆಯ ಮೇಲೆ ಆರು ಚುಕ್ಕಿಗಳನ್ನು ಅಳೆದು ಸಮದೂರದಲ್ಲಿಟ್ಟು ನೀಟಾಗಿ ಬರೆದ ಚಿತ್ರದ ಮುಂದೆ ನಿಂತು ಸೀಮೆಸುಣ್ಣದಿಂದ ಗುರುತು ಹಾಕುತ್ತ ಎಣಿಸಿದರು. ಅಲ್ಲಿ ಮೂವತ್ತೇ ಇದ್ದವು.

"ಮಾಸ್ತರ, ನಿಮ್ಮ ಮೂವತ್ತೆರಡು ಎಲ್ಲೈತ್ರಿ?"

ನಾನು ಹಲಗೆ ನೋಡಿದೆ, ಕಿಟಕಿಯಾಚೆ ನೋಡಿದೆ. ಮೆಹಬೂಬಿ ಮೆಲ್ಲಗೆ ಎದ್ದು ನಿಂತಳು. "ಸರ ಬರದ ಚಿತ್ರದಾಗ ನಡುವ ಮೂರು ಗೆರಿ ಒಂದ ಕಡಿ ಕೂಡ್ಯಾವ್ರಿ. ಅದಕ್ಕ ಅಲ್ಲಿ ಒಂದು ಮನಿ ಮುಚ್ಚೇತಿ. ನಂದರಾಗ ಗೆರಿ ಸ್ವಲ್ಪ ಸರದಾವ್ರಿ, ಮನಿ ತೆರದೇತಿ."

ಇಡೀ ವರ್ಷ ನಾನು ಬೇಡಿದ್ದ 'ಯಾಕೆ' ಅದು. ನಾಚಿಕೆಯ ನಡುವೆಯೂ ನಿಜವಾಗಿ ಹೆಮ್ಮೆಯಾಯಿತು, ಆದರೆ ನೌಕರಿ ಹೋಯಿತೆಂಬುದೂ ಖಾತ್ರಿಯಾಯಿತು.

ಮಧ್ಯಾಹ್ನ ಮುಖ್ಯೋಪಾಧ್ಯಾಯರು ಕರೆದು ವರದಿ ಕೈಗಿತ್ತರು. ಈ ತರಗತಿಯ ಮಕ್ಕಳು ಮೇಷ್ಟ್ರ ಮಾತನ್ನೂ ಪರೀಕ್ಷಿಸದೆ ಒಪ್ಪುವುದಿಲ್ಲ, ಇದು ಉತ್ತಮ ಬೋಧನೆಯ ಲಕ್ಷಣ, ಇವರನ್ನು ಖಾಯಂ ಮಾಡಬಹುದು ಎಂದಿತ್ತು. ಕೆಳಗೆ ಇನ್ನೊಂದು ವಾಕ್ಯ: ಬಿಡುವಿದ್ದಾಗ ಶಿಕ್ಷಕರೂ ಈ ಮಕ್ಕಳ ಪಕ್ಕದಲ್ಲಿ ಕುಳಿತು ಕಲಿಯುವುದು ಒಳ್ಳೆಯದು.

ಸಂಜೆ ವರದಿಯನ್ನು ಹೆಂಡತಿಗೆ ಬಾಯಿಪಾಠ ಒಪ್ಪಿಸಿದೆ. ಕೊನೆಯ ವಾಕ್ಯವೊಂದು ಯಾಕೋ ನೆನಪಿಗೆ ಬರಲಿಲ್ಲ.